ಹನ್ನೊಂದು ಮನೆಗಳ ಸ್ವತಂತ್ರ ರಾಜ್ಯ

ದೇಶಕ್ಕಲ್ಲದಿದ್ದರೂ ನಾನು ಒಂದು ಸಂಘಕ್ಕೆ ಸ್ವಾತಂತ್ರ್ಯ ತಂದುಕೊಟ್ಟವನು. ರಕ್ತ ಹರಿಯಲಿಲ್ಲ, ಸೆರೆಮನೆ ಕಾಣಲಿಲ್ಲ. ಕೆನಡಾದ ಬ್ರ್ಯಾಂಪ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿ ಕುಳಿತು ಮೂರು ಸಲ ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ನಾನು ಹುಬ್ಬಳ್ಳಿಯವನು, ಪ್ರತ್ಯೇಕ ರಾಜ್ಯದ ಮಾತನ್ನು ಕೇಳುತ್ತಲೇ ಬೆಳೆದವನು. ನಮ್ಮ ಓಣಿಯ ಚಹಾದಂಗಡಿಯಲ್ಲಿ ಮುಂಜಾನೆ ಹತ್ತಕ್ಕೆ ಉತ್ತರ ಕರ್ನಾಟಕ ಬೇರೆಯಾಗುತ್ತಿತ್ತು. ಹನ್ನೊಂದಕ್ಕೆ ಎಲ್ಲರೂ ಎದ್ದು ಕೆಲಸಕ್ಕೆ ಹೋದ ಮೇಲೆ ಮತ್ತೆ ಒಂದಾಗುತ್ತಿತ್ತು. ಅಲ್ಲಿ ಹಿರಿಯರಿಂದ ಆಗದ್ದನ್ನು ನಾನು ಇಲ್ಲಿ, ಹನ್ನೊಂದು ಮನೆಗಳನ್ನು ಕಟ್ಟಿಕೊಂಡು ಸಾಧಿಸಿದೆ.

ಈ ಸ್ವಾತಂತ್ರ್ಯಕ್ಕೆ ಬೆಲೆ ತೆತ್ತವರು ಯಾರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ಶೌರ್ಯಕ್ಕೆ ನೀವು ಮರುಳಾಗುವ ಅಪಾಯವಿದೆ. ನನ್ನ ಹೆಂಡತಿ ಉಡುಪಿ ಕಡೆಯವಳು, ಮನೆಮಾತು ತುಳು. ಊರಿನಲ್ಲಿ ಆರು ವರ್ಷ ಕನ್ನಡ ಶಾಲೆಯ ಟೀಚರಾಗಿದ್ದಳು. ಈ ದೇಶ ಅವಳ ಪದವಿ ಪತ್ರಗಳನ್ನು ಬಹಳ ಗೌರವದಿಂದ ಓದಿ ನೋಡಿ, ಇನ್ನೊಂದಷ್ಟು ವರ್ಷ ಓದಿದರೆ ವಿಚಾರ ಮಾಡೋಣ ಎಂದಿತು. ಅಷ್ಟರಲ್ಲಿ ಮಗ ಹುಟ್ಟಿದ, ಮನೆಯ ಕಂತು ಹುಟ್ಟಿತು. ಅವಳು ರೆಕ್ಸ್‌ಡೇಲಿನ ಒಂದು ಬಿಸ್ಕತ್ತು ಫ್ಯಾಕ್ಟರಿಯ ಪ್ಯಾಕಿಂಗ್ ಲೈನಿಗೆ ಸೇರಿದಳು. ತಲೆಗೆ ಬಲೆ, ಕೈಗೆ ಗವಸು, ಎಂಟು ಗಂಟೆ ನಿಂತೇ ಕೆಲಸ.

ಶನಿವಾರ ಮಾತ್ರ ಅವಳು ಬೇರೆಯೇ ಆಗುತ್ತಿದ್ದಳು. ನಮ್ಮ ಕನ್ನಡ ಸಂಘದ ಹೆಸರಿನಲ್ಲಿ ಹತ್ತಿರದ ಶಾಲೆಯೊಂದರ ಕೋಣೆ ಸಿಕ್ಕಿತ್ತು. ಬೆಳಿಗ್ಗೆ ಎರಡೂವರೆ ಗಂಟೆ ಕನ್ನಡ ಕ್ಲಾಸು, ಹದಿನೆಂಟು ಮಕ್ಕಳು, ಅವಳೇ ಟೀಚರ್. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಕಾಟನ್ ಸೀರೆ ಉಟ್ಟು, ಅದರ ಮೇಲೆ ದಪ್ಪ ಜಾಕೆಟ್ಟು ಹಾಕಿ, ಕಾಲಿಗೆ ಹಿಮದ ಬೂಟು ಏರಿಸಿಕೊಂಡು ಹೊರಡುತ್ತಿದ್ದಳು. ಶುಕ್ರವಾರ ಸಂಜೆ ಅಂಗಡಿಗಳಿಂದ ಬಂದ ಜಾಹೀರಾತಿನ ಫ್ಲೈಯರುಗಳನ್ನು ಹರಡಿಕೊಂಡು ಬದನೆಕಾಯಿ, ಬೆಂಡೆಕಾಯಿ, ಮಾವಿನಹಣ್ಣಿನ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸುತ್ತಿದ್ದಳು. ಮಕ್ಕಳು "ಟೀಚರ್, ಟೀಚರ್" ಎಂದು ಸುತ್ತ ಮುತ್ತುತ್ತಿದ್ದರು. ವಾರದ ಐದು ದಿನವನ್ನು ಅವಳು ಆ ಎರಡೂವರೆ ಗಂಟೆಗಾಗಿ ದೂಡುತ್ತಿದ್ದಳು. ಇದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಪಾರಾಗುವ ದಾರಿ ನನಗಿಲ್ಲ.

ಶಾಲೆಯವರದ್ದು ಒಂದೇ ಷರತ್ತು: ಹದಿನೈದು ಮಕ್ಕಳಿದ್ದರೆ ಕೋಣೆ, ಇಲ್ಲದಿದ್ದರೆ ಇಲ್ಲ.

ಇನ್ನು ನಮ್ಮ ಮೇಲಾದ ಘೋರ ಅನ್ಯಾಯಕ್ಕೆ ಬರೋಣ. ನಮ್ಮ ಸಂಘದಲ್ಲಿ ಪ್ರಜಾಪ್ರಭುತ್ವ ಎಷ್ಟು ಪಕ್ವವಾಗಿತ್ತೆಂದರೆ ಚುನಾವಣೆಯೇ ಬೇಕಿರಲಿಲ್ಲ. ವರ್ಷಕ್ಕೊಮ್ಮೆ ಮೈಸೂರಿನ ಅಧ್ಯಕ್ಷರು ಎದ್ದು ನಿಂತು, "ಎಲೆಕ್ಷನ್ ಎಲ್ಲ ಯಾಕೆ ಸಾರ್? ನಾವೆಲ್ಲ ಒಂದೇ ಫ್ಯಾಮಿಲಿ ಅಲ್ವಾ? ಅವಿರೋಧವಾಗಿ ಮಾಡ್ಬಿಡೋಣ" ಎನ್ನುತ್ತಿದ್ದರು. ಯಾರನ್ನು ಮಾಡಬೇಕೆಂಬುದು ಹಿಂದಿನ ವಾರವೇ ಅವರ ಮನೆಯ ದೋಸೆಯ ಜೊತೆ ತೀರ್ಮಾನವಾಗಿರುತ್ತಿತ್ತು. ಹುದ್ದೆ ಬಂದವನು ಎರಡು ಸಲ "ಅಯ್ಯೋ ಬೇಡಿ, ನನಗೆ ಟೈಮಿಲ್ಲ" ಎನ್ನಬೇಕು, ಮೂರನೆಯ ಸಲ ಒಪ್ಪಬೇಕು. ಇದು ಸಂಪ್ರದಾಯ. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯವರಿಗೂ ಒಂದು ಹುದ್ದೆಯನ್ನು ಕಾಯಂ ಆಗಿ ಮೀಸಲಿಟ್ಟಿದ್ದರು. ಅದರ ಹೆಸರು ಆಸನ ವ್ಯವಸ್ಥಾ ಸಮಿತಿ. ಅಂದರೆ ಯುಗಾದಿಗೂ ರಾಜ್ಯೋತ್ಸವಕ್ಕೂ ಹಾಲಿನಲ್ಲಿ ಇನ್ನೂರು ಮಡಚುವ ಕುರ್ಚಿಗಳನ್ನು ಹಾಕುವುದು ಮತ್ತು ತೆಗೆಯುವುದು. ಹತ್ತು ವರ್ಷ ನಾನು ಆ ಸಮಿತಿಯಲ್ಲಿದ್ದೆ, ಕೊನೆಯ ನಾಲ್ಕು ವರ್ಷ ಅದರ ಸಂಚಾಲಕನಾಗಿದ್ದೆ. ಸಂಚಾಲಕನಿಗೂ ಕುರ್ಚಿ ಅಷ್ಟೇ ಭಾರ ಇರುತ್ತದೆ.

ಇಷ್ಟನ್ನೂ ಸಹಿಸಿಕೊಂಡೆವು. ಆದರೆ ಒಂದು ಯುಗಾದಿ ಊಟದಲ್ಲಿ ಜೋಳದ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ, ಹಪ್ಪಳದ ಪಕ್ಕದಲ್ಲಿ, ಟೂತ್‌ಪಿಕ್ ಚುಚ್ಚಿ ಇಟ್ಟಿದ್ದರು. ಬೆಳಗಾವಿಯ ಗೆಳೆಯನ ಹೆಂಡತಿ ಮುಂಜಾನೆ ನಾಲ್ಕಕ್ಕೆ ಎದ್ದು ಬಡಿದ ರೊಟ್ಟಿ ಅದು. ಕೇಳಿದರೆ ಅಧ್ಯಕ್ಷರು ನಕ್ಕು, "ಸ್ಟಾರ್ಟರ್ ಥರ ಇರ್ಲಿ ಅಂತ ಕಟ್ ಮಾಡಿಸಿದ್ವಿ ಸಾರ್. ಮಕ್ಕಳಿಗೆ ಈಸಿ" ಎಂದರು. ನನ್ನ ಗೆಳೆಯ ಆರು ಟ್ರಕ್ಕುಗಳ ಮಾಲೀಕ, ಸ್ವತಃ ಟ್ರಕ್ಕಿನ ಗಾತ್ರದ ಮನುಷ್ಯ. ಅವನು ಪ್ಲೇಟನ್ನು ಹಾಗೆಯೇ ಕೆಳಗಿಟ್ಟ. ಅವನ ಕಣ್ಣಲ್ಲಿ ನೀರಿತ್ತೆಂದು ಇವತ್ತಿಗೂ ನನ್ನ ನಂಬಿಕೆ. ಮೆಣಸಿನಕಾಯಿ ಚಟ್ನಿಯಿಂದ ಎಂದು ಅವನ ವಾದ.

ಮರುವಾರ ನಮ್ಮ ಕಡೆಯ ಹನ್ನೊಂದು ಮನೆಯವರು ಅವನ ಬೇಸ್‌ಮೆಂಟಿನಲ್ಲಿ ಸೇರಿದೆವು. "ನಾವೇನ್ ಇವರ ಮನೀ ಆಳೇನ್ರೀ? ಹತ್ತ ವರ್ಷಾತು ಕುರ್ಚಿ ಹೊರಾಕತ್ತೇವಿ" ಎಂದು ಅವನು ಶುರು ಮಾಡಿದ. ಆಮೇಲೆ ನಾನು ಮಾತಾಡಿದೆ. ಈ ದೇಶದಲ್ಲಿಯೇ ಕ್ವಿಬೆಕ್ಕಿನವರು ಬೇರೆಯಾಗುತ್ತೇವೆ ಎಂದು ಎಷ್ಟು ಸಲ ಎದ್ದು ನಿಂತಿಲ್ಲ, ಸಣ್ಣ ಸಮುದಾಯ ತನ್ನ ಹಣೆಬರಹ ತಾನೇ ಬರೆದುಕೊಳ್ಳುವುದೇ ನಿಜವಾದ ಪ್ರಜಾಪ್ರಭುತ್ವ, ದೂರದಲ್ಲಿ ಕುಳಿತವರಿಗೆ ನಮ್ಮ ಕಷ್ಟ ಹೇಗೆ ಗೊತ್ತಾಗಬೇಕು ಎಂದೆಲ್ಲ ಹೇಳಿದೆ. ದೂರದಲ್ಲಿ ಕುಳಿತ ಅಧ್ಯಕ್ಷರ ಮನೆ ಅಲ್ಲಿಂದ ಎರಡು ಸಿಗ್ನಲ್ ಆಚೆಗಿತ್ತು. ಆದರೂ ಜನ ಚಪ್ಪಾಳೆ ತಟ್ಟಿದರು. ನಾನು ಹಗಲೆಲ್ಲ ಒಂದು ವೇರ್‌ಹೌಸಿನಲ್ಲಿ ಕುಳಿತು ಯಾವ ಟ್ರಕ್ಕು ಸರಕಿಳಿಸಲು ಯಾವ ಡಾಕಿಗೆ ನಿಲ್ಲಬೇಕು ಎಂದು ಹೇಳುವ ಕೆಲಸದವನು. ನನ್ನ ಮಾತಿಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

ಅಧ್ಯಕ್ಷ ಪದವಿ ನನಗೇ ಬಂತು. ಸಂಪ್ರದಾಯದಂತೆ ಬ್ಯಾಡ್ರೀ ಎಂದೆ. ಉತ್ಸಾಹದಲ್ಲಿ ಎರಡರ ಬದಲು ಮೂರು ಸಲ ಅಂದುಬಿಟ್ಟೆ. ಕೋಣೆ ತಣ್ಣಗಾಯಿತು. ಧಾರವಾಡದ ಒಬ್ಬರು, "ಹಂಗಾರ ಬ್ಯಾರೆ ಯಾರನ್ನಾರ ನೋಡೂಣೇನು?" ಎಂದರು. "ಹಿರಿಯರು ಹೇಳಿದ ಮ್ಯಾಲ ಇಲ್ಲ ಅನ್ನಾಕ ಬರೂದಿಲ್ಲ" ಎಂದು ತಕ್ಷಣ ಒಪ್ಪಿಕೊಂಡೆ. ಅಲ್ಲಿದ್ದವರಲ್ಲಿ ಹಿರಿಯ ನಾನೇ.

ಹಳೆಯ ಸಂಘದ ನಿಯಮಾವಳಿಯನ್ನೇ ತಂದು ಹೆಸರು ಮಾತ್ರ ಬದಲಿಸಿದೆವು. ಒಂದು ಮನೆಗೆ ಒಂದು ಮತ. ಅಧ್ಯಕ್ಷನ ಮನೆಗೆ ಮತವಿಲ್ಲ. ಎರಡೂ ಕಡೆ ಸಮ ಬಂದರೆ ಮಾತ್ರ ಅವನ ಮತ. ಸಮಿತಿಗಳನ್ನು ಹಂಚುವಾಗ ಒಂದು ಸಣ್ಣ ತೊಡಕು ಎದ್ದಿತು. ಸ್ವತಂತ್ರ ಸಂಘದಲ್ಲೂ ಜನ ಕೂರುತ್ತಾರೆ, ಕೂರಲು ಕುರ್ಚಿ ಬೇಕು. ಹತ್ತು ವರ್ಷ ಹೊತ್ತು ಸುಸ್ತಾದ ನಾವು ಸುತ್ತ ನೋಡಿದೆವು. ಹನ್ನೊಂದರಲ್ಲಿ ಕಲಬುರಗಿಯ ಮನೆ ಒಂದೇ ಒಂದಿತ್ತು. ಎಟೋಬಿಕೋಕಿನಿಂದ ಬರುತ್ತಿದ್ದ ಮಿತಭಾಷಿ ಎಲೆಕ್ಟ್ರಿಷಿಯನ್ ಆತ. ಆಸನ ವ್ಯವಸ್ಥೆಯನ್ನು ಅವಿರೋಧವಾಗಿ ಅವನಿಗೆ ವಹಿಸಿದೆವು. ಅವನು ಎರಡು ಸಲವಲ್ಲ, ಒಂದು ಸಲವೂ ಬೇಡ ಎನ್ನಲಿಲ್ಲ. "ಯಾಕ್ರೀ, ಇದು ನಮ್ಮ ಹಣಿಮ್ಯಾಗೇ ಬರ್ದದ ಏನು?" ಎಂದಷ್ಟೇ ಕೇಳಿದ. ನಾವೆಲ್ಲ ಜೋರಾಗಿ ನಕ್ಕೆವು. ಅವನು ನಗಲಿಲ್ಲ.

ಅದೇ ಸಭೆಯಲ್ಲಿ, ಮೂರನೆಯ ಚಹಾದ ಹೊತ್ತಿಗೆ, ಒಂದು ನಿರ್ಣಯ ಪಾಸಾಯಿತು: ನಮ್ಮ ಮಕ್ಕಳಿಗೆ ನಮ್ಮದೇ ಕ್ಲಾಸು. ಹಳೆಯ ಸಂಘದ ಕ್ಲಾಸಿಗೆ ಇನ್ನು ಕಳಿಸುವಂತಿಲ್ಲ. ಎಲ್ಲರೂ ಸಹಿ ಹಾಕಿದರು. ಮೊದಲ ಸಹಿ ಅಧ್ಯಕ್ಷನದು, ಅಂದರೆ ಆ ಕ್ಲಾಸಿನ ಟೀಚರಿನ ಗಂಡನದು. ಹತ್ತು ವರ್ಷದ ನಮ್ಮ ಮಗನೂ ಸೇರಿ ಏಳು ಮಕ್ಕಳು ಆ ಕ್ಲಾಸಿನಿಂದ ಬಿಡುಗಡೆಯಾದರು.

ಮನೆಗೆ ಬಂದು ಕಾಗದವನ್ನು ಅವಳಿಗೆ ತೋರಿಸಿದೆ. ಅವಳು ಸಿಂಕಿನ ಹತ್ತಿರ ನಿಂತೇ ಓದಿದಳು.

"ನನ್ನ ಕ್ಲಾಸಿನಲ್ಲಿ ಹದಿನೆಂಟು ಮಕ್ಕಳುಂಟು. ಏಳು ಹೋದ್ರೆ ಎಷ್ಟು ಉಳೀತದೆ? ಲೆಕ್ಕ ಬರ್ತದಲ್ಲ ನಿಮಗೆ?"

"ಏ, ಏನೂ ಆಗಂಗಿಲ್ಲ ತಗೋ. ನಿಮ್ಮ ಕಡೆಯವ್ರ ನಾಕ ಹುಡುಗ್ರನ್ನ ಸೇರಿಸ್ಕೋ."

"ಮಕ್ಕಳು ಎಂತ, ಅಂಗಡಿಯಲ್ಲಿ ಸಿಗ್ತಾರಾ? ಹದಿನೆಂಟು ಮಾಡ್ಲಿಕ್ಕೆ ನಂಗೆ ಐದು ವರ್ಷ ಹಿಡ್ದಿದೆ ಮಾರಾಯ್ರೆ."

ಅದು ನಿಜ. ಒಂದೊಂದು ಮಗುವಿಗೂ ಅವಳು ಒಂದೊಂದು ಮನೆಯ ಮೆಟ್ಟಿಲು ಹತ್ತಿದ್ದಳು. ಕನ್ನಡ ಕಲಿತು ಏನಾಗಬೇಕು ಎಂದು ಕೇಳುವ ತಂದೆತಾಯಿಗಳ ಎದುರು ಕುಳಿತು, ಅವರು ಕೊಟ್ಟ ಸಕ್ಕರೆ ಪಾಕದಂಥ ಚಹಾ ಕುಡಿದು ಒಪ್ಪಿಸಿ ಬಂದಿದ್ದಳು. ಆದರೆ ನಾನು ಆಗ ಚರಿತ್ರೆ ನಿರ್ಮಿಸುತ್ತಿದ್ದೆ. ಚರಿತ್ರೆ ನಿರ್ಮಿಸುವವರಿಗೆ ಇಂಥ ಸಣ್ಣಪುಟ್ಟ ಲೆಕ್ಕ ಹಿಡಿಸುವುದಿಲ್ಲ.

ನಮ್ಮ ಸ್ವತಂತ್ರ ಕ್ಲಾಸು ಬೇಸ್‌ಮೆಂಟಿನಲ್ಲೇ ಶುರುವಾಯಿತು. ಟೀಚರ್ ನಮ್ಮ ಟ್ರಕ್ ಮಾಲೀಕ. ಅವನ ಬೋಧನಾ ಕ್ರಮ ಸರಳವಾಗಿತ್ತು. "ಬರೀರಿ" ಎಂದು ಹೇಳಿ ಫೋನ್ ಬಂತೆಂದು ಮೇಲೆ ಹೋಗುತ್ತಿದ್ದ. ಒಂದು ಟ್ರಕ್ಕು ಎಲ್ಲೋ ಹಿಮದಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಎರಡು ಶನಿವಾರಗಳಲ್ಲಿ ಮಕ್ಕಳು ಅ, ಆ ಕಲಿತರು. ಅದು ಅವರಿಗೆ ಮೂರು ವರ್ಷದಿಂದ ಬರುತ್ತಿತ್ತು. ಮೂರನೆಯ ಶನಿವಾರ ಹೋಗಿ ನೋಡಿದರೆ ಏಳೂ ಜನ ಟಿವಿಗೆ ಆಟ ಜೋಡಿಸಿಕೊಂಡು ಬಂದೂಕು ಹಾರಿಸುತ್ತಿದ್ದರು. ಮನೆಗೆ ಬರುವಾಗ ಕಾರಿನಲ್ಲಿ ನನ್ನ ಮಗ, "ವೈ ಕಾಂಟ್ ಐ ಗೋ ಟು ಅಮ್ಮಾಸ್ ಕ್ಲಾಸ್?" ಎಂದ. ಅದು ಸ್ವಾಭಿಮಾನದ ವಿಷಯ ಎಂದು ನಾನು ಕನ್ನಡದಲ್ಲಿ ಹೇಳಿದೆ. "ವಾಟ್ಸ್ ದಟ್?" ಎಂದ. ನನಗೆ ಅದಕ್ಕೆ ಇಂಗ್ಲಿಷ್ ಶಬ್ದ ಗೊತ್ತಿತ್ತು, ಆದರೂ ರೇಡಿಯೋ ಹಚ್ಚಿದೆ.

ಅಷ್ಟರಲ್ಲಿ ಶಾಲೆಯಿಂದ ಹೆಂಡತಿಗೆ ಕಾಗದ ಬಂತು. ಹನ್ನೊಂದು ಮಕ್ಕಳಷ್ಟೇ ಇದ್ದಾರೆ; ತಿಂಗಳ ಕೊನೆಯೊಳಗೆ ಹದಿನೈದಾಗದಿದ್ದರೆ ಕೋಣೆಯನ್ನು ಬೇರೆ ಭಾಷೆಯವರಿಗೆ ಕೊಡುತ್ತೇವೆ, ಅವರು ಕಾಯುತ್ತಿದ್ದಾರೆ ಎಂದಿತ್ತು. ಅವಳು ಕೂಗಾಡಲಿಲ್ಲ. ರಾತ್ರಿಯ ಅಡಿಗೆ ಮುಗಿಸಿ, ಕಾಗದವನ್ನು ನನ್ನ ತಟ್ಟೆಯ ಪಕ್ಕದಲ್ಲಿಟ್ಟು, "ನಿಮ್ಮ ಸಂಘದಲ್ಲಿ ಒಂದು ಮಾತು ಕೇಳಿ ನೋಡಿ. ನಾಲ್ಕು ಮಕ್ಕಳು ಸಾಕು. ಸಂಘ ನಿಮ್ಮದೇ ಇರ್ಲಿ, ಊಟ ನಿಮ್ಮದೇ ಇರ್ಲಿ, ಮಕ್ಕಳು ಮಾತ್ರ ಬರ್ಲಿ" ಎಂದಳು. ಅವಳು ನನ್ನಲ್ಲಿ ಏನನ್ನಾದರೂ ಬೇಡಿದ್ದು ಬಹಳ ಅಪರೂಪ. ಖಂಡಿತ ಕೇಳುತ್ತೇನೆ ಎಂದೆ.

ಮುಂದಿನ ಭಾನುವಾರ ಮಧ್ಯಾಹ್ನ ಸಾಮಾನ್ಯ ಸಭೆ ಕರೆದೆ. ವಿಷಯ ಒಂದೇ: ಏಳು ಮಕ್ಕಳನ್ನು ಹಳೆಯ ಕ್ಲಾಸಿಗೆ ಮತ್ತೆ ಕಳಿಸಬಹುದೇ? ಒಬ್ಬೊಬ್ಬರೇ ಕಳಿಸಿದರೆ ಸಾಕಿತ್ತು, ಸಭೆ ಬೇಕಿರಲಿಲ್ಲ ಎಂದು ನಿಮಗೆ ಈಗ ಅನ್ನಿಸುತ್ತಿರಬಹುದು. ಆದರೆ ನಿರ್ಣಯ ಮಾಡಿ ಸಹಿ ಹಾಕಿದವರು ನಾವು. ನಿರ್ಣಯವನ್ನು ಇನ್ನೊಂದು ನಿರ್ಣಯದಿಂದ ಮಾತ್ರ ತೆಗೆಯಬಹುದೆಂದು ಹಳೆಯ ನಿಯಮಾವಳಿಯಲ್ಲಿತ್ತು. ಅದನ್ನು ನಾವು ಅಕ್ಷರ ಬಿಡದೆ ನಕಲು ಮಾಡಿಕೊಂಡಿದ್ದೆವು.

ಚರ್ಚೆ ಒಂದೂವರೆ ತಾಸು ನಡೆಯಿತು. ಇಂಥ ಬಿಸಿ ಚರ್ಚೆಯನ್ನು ನಾನು ಯಾವ ವಿಧಾನಸಭೆಯಲ್ಲೂ ಕಂಡಿಲ್ಲ. "ಬಿಟ್ಟ ಬಂದ ಮನೀ ಬಾಗಲಾ ಮತ್ತ ಹೋಗಿ ಬಡಿಯೂದೇನ್ರೀ?" ಎಂದು ಟ್ರಕ್ ಮಾಲೀಕ ಗುಡುಗಿದ. ಇವತ್ತು ಮಕ್ಕಳು ಹೋಗುತ್ತಾರೆ, ನಾಳೆ ರೊಟ್ಟಿ ಹೋಗುತ್ತದೆ, ನಾಡಿದ್ದು ನಾವೇ ಹೋಗಿ ಕುರ್ಚಿ ಹಾಕುತ್ತೇವೆ ಎಂದು ಇನ್ನೊಬ್ಬರು ಎಚ್ಚರಿಸಿದರು. ಆಗ ಎದ್ದವನು ಕಲಬುರಗಿಯವನು. ಅಂದಿನ ಕುರ್ಚಿಗಳನ್ನೂ ಅವನೇ ಹಾಕಿದ್ದ. "ಅಕ್ಕೋರು ಚಲೋ ಕಲಸ್ತಾರ. ನನ್ನ ಮಗಳು ನಮ್ಮ ಅವ್ವಗ ಕಾಗದ ಬರದಾಳ, ಕನ್ನಡದಾಗ. ಅದ್ರ ಮ್ಯಾಲ ನಂಗೇನು ಹೇಳೂದದ?" ಎಂದು ಹೇಳಿ ಕುಳಿತ. ಅವನಿಗಿಂತ ಚೆನ್ನಾಗಿ ಆ ದಿನ ಯಾರೂ ಮಾತಾಡಲಿಲ್ಲ, ನಾನಂತೂ ಮಾತಾಡಲೇ ಇಲ್ಲ.

ಕೈ ಎತ್ತಿಸಿದೆ. ಕಳಿಸೋಣ ಎಂದವರು ಐದು ಮನೆ. ಬೇಡ ಎಂದವರು ಐದು ಮನೆ.

ಎಲ್ಲರೂ ನನ್ನ ಕಡೆ ತಿರುಗಿದರು. ಕಲಬುರಗಿಯವನ ಮುಖ ಅರಳಿತ್ತು. ಇನ್ನೇನು, ಗೆದ್ದ ಹಾಗೆಯೇ ಎಂದು ಅವನು ತಿಳಿದಿದ್ದ. ಟ್ರಕ್ ಮಾಲೀಕ ಕೂಡ ಸೋಲೊಪ್ಪಿದವನಂತೆ ಬೆನ್ನು ಒರಗಿಸಿ, "ಆತು ಬಿಡ್ರೀ, ಅಧ್ಯಕ್ಷರ ಮನೀ ಕೆಲಸಾನ ಅಲ್ಲೇನು" ಎಂದು ನಕ್ಕ. ಅದು ಗೆಳೆಯನ ಚೇಷ್ಟೆ, ಅಷ್ಟೇ. ಆದರೆ ಆ ನಗೆ ನನ್ನ ಕಿವಿಯಲ್ಲಿ ಸೀಸ ಕಾಸಿ ಹೊಯ್ದಂತಾಯಿತು. ಹೆಂಡತಿಗೋಸ್ಕರ ಸಂಘವನ್ನು ಅಡವಿಟ್ಟ ಎನ್ನುತ್ತಾರೆ. ಮೈಸೂರಿನವರ ಹಾಗೆಯೇ ಇವನೂ ಮನೆಯೊಳಗೆ ದೋಸೆ ತಿಂದು ತೀರ್ಮಾನ ಮಾಡಿದ ಎನ್ನುತ್ತಾರೆ. ನಮ್ಮ ಕಡೆ ಊರಿಗೆ ನ್ಯಾಯ ಹೇಳುವ ಪಂಚನಾದವನು ತನ್ನ ಮನೆಯ ವಿಷಯ ಬಂದಾಗ ಕಟ್ಟೆಯಿಂದ ಕೆಳಗಿಳಿದು ಕೂರಬೇಕು. ಅಜ್ಜಂದಿರ ಕಾಲದ ಮರ್ಯಾದೆ ಅದು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, ವಿಷಯ ನನ್ನ ಮನೆಗೆ ಸಂಬಂಧಿಸಿದ್ದರಿಂದ ನನ್ನ ಮತವನ್ನು ಚಲಾಯಿಸುವುದಿಲ್ಲ, ಇದು ಪ್ರಜಾಪ್ರಭುತ್ವದ ಘನತೆಯ ಪ್ರಶ್ನೆ ಎಂದು ಘೋಷಿಸಿದೆ.

ಸಮ ಬಂದ ನಿರ್ಣಯ ಬಿದ್ದುಹೋಯಿತು. ಚಪ್ಪಾಳೆ ಮಾತ್ರ ಮೊದಲ ಸಭೆಗಿಂತ ಜೋರಾಗಿ ಬಿತ್ತು. ಬೇಡ ಎಂದವರೆಲ್ಲ ಬಂದು ಕೈ ಕುಲುಕಿದರು. "ಅಧ್ಯಕ್ಷ ಅಂದ್ರ ಹಿಂಗಿರಬೇಕ ನೋಡ್ರೀ" ಎಂದರು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಆಗ ಯಾರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಕಲಬುರಗಿಯವನು ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿ ಹೊರಟುಹೋದ. ಮತ್ತೆ ಅವನು ನಮ್ಮ ಯಾವ ಸಭೆಗೂ ಬರಲಿಲ್ಲ.

ನಾನು ಮನೆಗೆ ಬಂದದ್ದು ಹೆಮ್ಮೆಯಿಂದಲೇ ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ. ಅವಳು ಊಟದ ಮೇಜಿನ ಮೇಲೆ ಮುಂದಿನ ಶನಿವಾರಕ್ಕೆ ಚಿತ್ರ ಕತ್ತರಿಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ಕತ್ತರಿ ನಿಂತಿತು.

"ಐದು, ಐದು ಆಯ್ತಾ?"

"ಹೂಂ."

"ಮತ್ತೆ ನಿಮ್ಮದು ಒಂದು ಇತ್ತಲ್ಲ?"

"ಇತ್ತು. ಆದ್ರ ಹಾಕಿದ್ರ ಏನಂತಿದ್ರು? ಹೆಂಡ್ತೀ ಸಲುವಾಗಿ ಹಾಕಿದ ಅಂತಿದ್ರು."

ಅವಳು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಐದು ಮನೆಯವರು ಕೈ ಎತ್ತಿದ್ರಲ್ಲ. ನಾನು ಅವರಿಗೆ ಯಾರು?" ಎಂದಳು. ಆಮೇಲೆ ಫ್ಲೈಯರುಗಳನ್ನು ಒಟ್ಟುಮಾಡಿ ರೀಸೈಕಲ್ ಡಬ್ಬಿಗೆ ಹಾಕಿ ಬಂದಳು.

ತಿಂಗಳ ಕೊನೆಗೆ ಕೋಣೆ ಹೋಯಿತು. ಉಳಿದ ಹನ್ನೊಂದು ಮಕ್ಕಳಲ್ಲಿ ಕೆಲವರು ಈಜಿಗೆ, ಕೆಲವರು ಹಾಕಿಗೆ ಸೇರಿದರು. ಇನ್ನೂ ತಮಾಷೆ ಬೇಕೆಂದರೆ, ಆರು ತಿಂಗಳೊಳಗೆ ಎರಡೂ ಸಂಘಗಳು ಮತ್ತೆ ಒಂದಾದವು. ರಾಜ್ಯೋತ್ಸವದ ಹಾಲಿಗೆ ಇಬ್ಬರೂ ಒಂದೇ ದಿನಕ್ಕೆ ಅರ್ಜಿ ಹಾಕಿದ್ದೆವು. ಬೇರೆ ದಿನ ಖಾಲಿ ಇರಲಿಲ್ಲ. ಕನ್ನಡಿಗರೆಲ್ಲ ಒಂದೇ ಎಂದು ಮೈಸೂರಿನ ಅಧ್ಯಕ್ಷರು ಗದ್ಗದಿತರಾದರು. ರೊಟ್ಟಿಯನ್ನು ಇಡಿಯಾಗಿ ಬಡಿಸಿದರು. ನನ್ನನ್ನು ಉಪಾಧ್ಯಕ್ಷನನ್ನಾಗಿ ಅವಿರೋಧವಾಗಿ ಮಾಡಿದರು, ನಾನು ಸರಿಯಾಗಿ ಎರಡೇ ಸಲ ಬೇಡ ಎಂದೆ. ಕನ್ನಡ ಕ್ಲಾಸನ್ನು ಮತ್ತೆ ಶುರು ಮಾಡುವ ಬಗ್ಗೆ ಒಂದು ಉಪಸಮಿತಿ ಆಯಿತು. ಅದು ಇನ್ನೂ ಸೇರಿಲ್ಲ. ಆ ಕೋಣೆಯಲ್ಲಿ ಈಗ ಬೇರೆ ಯಾರದೋ ಭಾಷೆಯ ಮಕ್ಕಳಿದ್ದಾರೆ.

ಹೆಂಡತಿ ಈಗ ಫ್ಯಾಕ್ಟರಿಯಲ್ಲಿ ಶನಿವಾರದ ಓವರ್‌ಟೈಮಿಗೆ ಹೆಸರು ಕೊಟ್ಟಿದ್ದಾಳೆ. ಈ ಶನಿವಾರವೂ ಬೆಳಿಗ್ಗೆ ಆರಕ್ಕೆ ಎದ್ದು, ಡಬ್ಬಿ ಕಟ್ಟಿಕೊಂಡು, ಪ್ಯಾಂಟಿನ ಮೇಲೆ ಜಾಕೆಟ್ಟು ಹಾಕಿಕೊಂಡು ಬಾಗಿಲ ಹತ್ತಿರ ನಿಂತು ಬೂಟು ಕಟ್ಟುತ್ತಿದ್ದಳು. ನಾನು ಕಾರಿನ ಕೀಲಿ ತೆಗೆದುಕೊಂಡು, ಬಿಟ್ಟು ಬರುತ್ತೇನೆ ಎಂದೆ. "ಬೇಡ, ಬಸ್ಸುಂಟು" ಎಂದು ಬಾಗಿಲೆಳೆದುಕೊಂಡು ಹೋದಳು. ಕಿಟಕಿಯಲ್ಲಿ ನಿಂತು ಬಸ್ಸು ಬರುವವರೆಗೂ ಅವಳನ್ನು ನೋಡಿದೆ. ಆ ಭಾನುವಾರ ನಾನು ಒಂದು ಕೈ ಎತ್ತಬೇಕಿತ್ತು, ಅಷ್ಟೇ.